ಪೀಪ್ಸ್ ಡೈರಿ ಬರೆದದ್ದು ಯಾರು ಓದಲಿ ಅಂತ?

ಕಾಗದದ ಹುಳು

ಸ್ಯಾಮುಯೆಲ್ ಪೀಪ್ಸ್ ಡೈರಿಯ ದಪ್ಪ ಸಂಪುಟವೊಂದು ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತ್ತು, ಈಗ ಅರ್ಧ ದಾಟಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು: 17ನೇ ಶತಮಾನದ ಲಂಡನ್ನಿನವನು, ದರ್ಜಿಯ ಮಗ, ದೊಡ್ಡ ನೆಂಟರೊಬ್ಬರ ವಶೀಲಿಯಿಂದ ನೌಕಾ ಮಂಡಳಿಯಲ್ಲಿ ಒಳ್ಳೆ ಹುದ್ದೆ ಹಿಡಿದವನು. 1660ರ ಜನವರಿ 1ಕ್ಕೆ ಡೈರಿ ಶುರು, 1669ರ ಮೇ 31ಕ್ಕೆ ಮುಕ್ತಾಯ. ಸುಮಾರು ಹನ್ನೆರಡೂವರೆ ಲಕ್ಷ ಪದ. ಪ್ಲೇಗು, ಲಂಡನ್ನಿನ ಬೆಂಕಿ, ಡಚ್ಚರ ಜೊತೆ ಯುದ್ಧ ಎಲ್ಲಾ ಇದೆ. ಊಟಕ್ಕೆ ಏನಿತ್ತು, ಯಾರಿಂದ ಎಷ್ಟು ಬಂತು, ಹೆಂಡತಿ ಜೊತೆ ಯಾಕೆ ಜಗಳ ಆಯ್ತು ಅನ್ನುವುದೂ ಇದೆ.

ನನ್ನ ಪ್ರಶ್ನೆ ಇಷ್ಟೇ. ಇಡೀ ಡೈರಿ ಶೀಘ್ರಲಿಪಿಯಲ್ಲಿದೆ. ಮನೆಯವರಿಗೆ ಗೊತ್ತಾಗಬಾರದು ಅಂತ ಹಾಗೆ ಬರೆದ ಅಂತಾರೆ. ಸರಿ, ಹಾಗಾದರೆ ಅದನ್ನು ಆರು ಸಂಪುಟ ಬೈಂಡ್ ಮಾಡಿಸಿ, ತನ್ನ 3,000 ಪುಸ್ತಕಗಳ ಲೈಬ್ರರಿಯಲ್ಲಿ ಇಟ್ಟು, ಆ ಲೈಬ್ರರಿ ಕೇಂಬ್ರಿಜಿನ ಮಾಡ್ಲಿನ್ ಕಾಲೇಜಿಗೆ ಸೇರುವ ಹಾಗೆ ವ್ಯವಸ್ಥೆ ಮಾಡಿದ್ದು ಯಾಕೆ? ಸುಡಬೇಕು ಅಂದರೆ ಪುರುಸೊತ್ತು ಬೇಕಾದಷ್ಟಿತ್ತು. ಡೈರಿ ನಿಲ್ಲಿಸಿದ ಮೇಲೆ 34 ವರ್ಷ ಬದುಕಿದ್ದ, ಸತ್ತದ್ದು 1703ರಲ್ಲಿ. ನನಗನ್ನಿಸುವುದು, ಈ ಮನುಷ್ಯ ನಾವು ಓದಲಿ ಅಂತಲೇ ಬರೆದ. ನೀವೇನಂತೀರಿ?

ಗೇರುಬೀಜ

ಎಂತ ಮಾರಾಯ್ರೆ ನೀವು! ಮೊದಲ ದಿನ ಪೆನ್ನು ಹಿಡಿದಾಗಿನ ಉದ್ದೇಶ ಬೇರೆ, ಮುದುಕ ಆದ ಮೇಲೆ ಪುಸ್ತಕ ಎಲ್ಲಿಗೆ ಕೊಡುವುದು ಅನ್ನುವ ಯೋಚನೆ ಬೇರೆ. ಎರಡನ್ನೂ ಒಂದೇ ಮಾಡಿದ್ರೆ ಹೇಗೆ? 26 ವರ್ಷಕ್ಕೇ 300 ವರ್ಷದ ನಂತರದ ಓದುಗರನ್ನು ನೆನೆದು ಬರೆಯುವವನು ಹೊಟ್ಟೆ ಕೆಟ್ಟದ್ದನ್ನೆಲ್ಲ ಬರೆಯುತ್ತಾನಾ?

ಕಾಗದದ ಹುಳು

@ಗೇರುಬೀಜ ಅದಕ್ಕೇ ಹೇಳಿದ್ದು, ಸುಡಬಹುದಿತ್ತು. ಸುಡಲಿಲ್ಲ.

ಸೀನಿಯರ್ ಗ್ರೇಡ್

ಕೋರ್ಟಿನಲ್ಲಿ ಸ್ಟೆನೋ ಆಗಿ ನಿವೃತ್ತಳಾದವಳು ನಾನು, ಹಾಗಾಗಿ ಶೀಘ್ರಲಿಪಿ ವಿಷಯಕ್ಕೆ ಬಾಯಿ ಹಾಕಲೇಬೇಕು. ಶೀಘ್ರಲಿಪಿ ಅಂದ್ರೆ ಗುಪ್ತಲಿಪಿ ಅಲ್ಲ. ಪೀಪ್ಸ್ ಬಳಸಿದ್ದು ಥಾಮಸ್ ಶೆಲ್ಟನ್ ಅನ್ನುವವರ ಪದ್ಧತಿ. ಅದರ ಕೈಪಿಡಿ ಅಚ್ಚಾಗಿ ಅಂಗಡಿಯಲ್ಲಿ ಸಿಗುತ್ತಿತ್ತು, ಕಾಲೇಜು ಹುಡುಗರು ಕಲಿಯುತ್ತಿದ್ದರು. ವ್ಯಂಜನಕ್ಕೊಂದು ಗೆರೆ, ಮುಂದಿನ ವ್ಯಂಜನವನ್ನು ಮೇಲೆ, ಪಕ್ಕ, ಕೆಳಗೆ ಎಲ್ಲಿ ಇಡುತ್ತೀರೋ ಅದರ ಮೇಲೆ ನಡುವಿನ ಸ್ವರ ಗೊತ್ತಾಗುತ್ತೆ. ಜೊತೆಗೆ ಬಾಯಿಪಾಠ ಮಾಡಬೇಕಾದ ಚಿಹ್ನೆಗಳು ನೂರಾರು. ನಾವು ಪಿಟ್‌ಮನ್ ಕಲಿತವರಿಗೆ ಇದು ಸ್ವಲ್ಪ ಒರಟು ಅನ್ನಿಸುತ್ತೆ, ಆದರೆ ಕೆಲಸ ಮಾಡುತ್ತೆ.

ನ್ಯೂಟನ್ ಕೂಡ 1662ರಲ್ಲಿ ತಾನು ಮಾಡಿದ ಪಾಪಗಳ ಪಟ್ಟಿಯನ್ನು ಇದೇ ಶೆಲ್ಟನ್ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದ. ಅಂದರೆ ಆ ಕಾಲದ ಓದಿದ ಹುಡುಗರಿಗೆ ಇದು ಸಾಮಾನ್ಯ ಸಂಗತಿ. ಬೇಗ ಬರೆಯಬಹುದು, ಕಾಗದ ಉಳಿಯುತ್ತೆ, ಮನೆಯಲ್ಲಿ ಹಾದುಹೋಗುವವರು ಇಣುಕಿದರೂ ತಿಳಿಯಲ್ಲ. ಅಷ್ಟು ಮಟ್ಟಿನ ಗುಟ್ಟು, ಅಷ್ಟೇ.

ಬೆಂಗಳೂರು ಬಿಸಿಲು

ನ್ಯೂಟನ್ ಪಾಪದ ಪಟ್ಟಿ 😂 ಏನೇನಿತ್ತು ಮೇಡಂ ಅದರಲ್ಲಿ?

ಸೀನಿಯರ್ ಗ್ರೇಡ್

ಭಾನುವಾರ ಕಡುಬು ಮಾಡಿದ್ದು ಒಂದು. ಮಲತಂದೆ ಮತ್ತು ತಾಯಿಯನ್ನು ಮನೆ ಸಮೇತ ಸುಡ್ತೀನಿ ಅಂತ ಬೆದರಿಸಿದ್ದು ಇನ್ನೊಂದು.

ಬೆಂಗಳೂರು ಬಿಸಿಲು

ಕಡುಬಿಗೂ ಬೆಂಕಿಗೂ ಒಂದೇ ಪಟ್ಟಿ. ಗುರು, ನಾನಿನ್ನು ಪೀಪ್ಸ್ ಬಿಟ್ಟು ಇದನ್ನೇ ಓದ್ತೀನಿ.

ಮಿರ್ಚಿ ಭಜಿ

ಏನ್ರೀಪಾ, ಲಂಚ ತಿಂದಾಂವ, ಹೆಣ್ಮಕ್ಕಳ ಮ್ಯಾಲೆ ಕೈ ಹಾಕಿದಾಂವ, ಅಂಥಾವನ ಡೈರಿ ಹೊತ್ಕೊಂಡು ಕುಣಿಯಾಕ ಅದ್ರಾಗ ಏನೈತಿ ಅಂಥಾದ್ದು? ನಮ್ಮ ಓಣ್ಯಾಗೂ ಅಂಥವ್ರು ಅದಾರ. ಬರದಿಲ್ಲ, ಅಷ್ಟ ಫರಕು.

ಇತಿಹಾಸದ ಮೇಷ್ಟ್ರು

@ಮಿರ್ಚಿ ಭಜಿ ಅಣ್ಣಾವ್ರೇ, ಬರೆದಿದ್ದಾನೆ ಅನ್ನುವುದೇ ಫರಕು. ಒಂದೇ ಉದಾಹರಣೆ ಕೊಡ್ತೀನಿ. 1665ರ ಪ್ಲೇಗಿನಲ್ಲಿ ಲಂಡನ್ನಿನಲ್ಲಿ ವಾರವಾರ ಸಾವಿನ ಪಟ್ಟಿ ಅಚ್ಚಾಗುತ್ತಿತ್ತು. ಆಗಸ್ಟ್ 31ರಂದು ಪೀಪ್ಸ್ ಆ ವಾರದ ಲೆಕ್ಕ ಬರೆದುಕೊಳ್ಳುತ್ತಾನೆ: ಒಟ್ಟು 7,496, ಅದರಲ್ಲಿ ಪ್ಲೇಗಿಗೆ 6,102. ಸರ್ಕಾರಿ ದಾಖಲೆ ಇಲ್ಲಿಗೆ ಮುಗಿಯುತ್ತೆ. ಡೈರಿ ಮುಂದುವರಿಯುತ್ತೆ. ನಿಜವಾದ ಸಂಖ್ಯೆ 10,000ದ ಹತ್ತಿರ ಇರಬೇಕು ಅನ್ನುವ ಭಯ ಜನರಲ್ಲಿದೆ ಅಂತ ಬರೆದು, ಕಾರಣವನ್ನೂ ಕೊಡುತ್ತಾನೆ. ಬಡವರು ಎಷ್ಟು ಜನ ಸಾಯುತ್ತಿದ್ದಾರೆಂದರೆ ಅವರನ್ನು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ. ಕ್ವೇಕರ್ ಪಂಥದವರು ಸತ್ತಾಗ ಗಂಟೆ ಬಾರಿಸುವುದಿಲ್ಲವಾದ್ದರಿಂದ ಅವರೂ ಎಣಿಕೆಗೆ ಸಿಗುವುದಿಲ್ಲ.

ಈಗ ಹೇಳಿ. ಆ ಕೊನೆಯ ಎರಡು ಮಾತು ಯಾವ ಕಚೇರಿಯ ಕಡತದಲ್ಲಿ ಸಿಗುತ್ತಿತ್ತು? ನಾವು ಮೊನ್ನೆ ಮೊನ್ನೆ ಕೋವಿಡ್ ಕಾಲದಲ್ಲಿ ಇದೇ ಮಾತನ್ನು ಬಾಯಲ್ಲಿ ಆಡಿಕೊಂಡವರೇ.

ಓದುಗಿ

ಅದೇ ವರ್ಷ ಸೆಪ್ಟೆಂಬರ್ 3ರ ಪುಟವನ್ನೂ ಓದಿ ಮೇಷ್ಟ್ರೇ. ಹೊಸ ಕೂದಲಿನ ಟೋಪನ್ ಅವತ್ತು ಹಾಕಿಕೊಳ್ತಾನೆ, ಅಲ್ಲೀತನಕ ಹಾಕಿಕೊಳ್ಳೋಕೆ ಧೈರ್ಯ ಇರಲಿಲ್ಲ. ಅದನ್ನು ಕೊಂಡಾಗ ವೆಸ್ಟ್‌ಮಿನ್‌ಸ್ಟರಿನಲ್ಲಿ ಪ್ಲೇಗ್ ಇತ್ತು. ಪ್ಲೇಗ್ ಮುಗಿದ ಮೇಲೆ ಟೋಪನ್ ಫ್ಯಾಷನ್ ಏನಾಗಬಹುದು ಅಂತ ಅವನಿಗೆ ಯೋಚನೆ. ಸತ್ತವರ ತಲೆಯಿಂದ ಕತ್ತರಿಸಿದ ಕೂದಲಿರಬಹುದು ಅಂತ ಯಾರೂ ಕೊಳ್ಳಲ್ಲವಲ್ಲ! ಊರೆಲ್ಲಾ ಸಾಯ್ತಿರುವಾಗ ಈ ಯೋಚನೆ. ನನಗೆ ಅವನ ಮೇಲೆ ಇಷ್ಟ ಹುಟ್ಟಿದ್ದೂ ಅಲ್ಲೇ, ಸಿಟ್ಟು ಹುಟ್ಟಿದ್ದೂ ಅಲ್ಲೇ.

ನಿವೃತ್ತ ಗುಮಾಸ್ತ

ಲಂಚದ ವಿಷಯ ಬಂತಲ್ಲ, ನನಗೆ ಆ ಡೈರಿಯಲ್ಲಿ ತುಂಬಾ ಹಿಡಿಸಿದ್ದು 1663ರ ಏಪ್ರಿಲ್‌ನ ಒಂದು ಪ್ರಸಂಗ. ಕ್ಯಾಪ್ಟನ್ ಒಬ್ಬ ಕಾಗದ ಕೊಡುತ್ತಾನೆ. ಮುಟ್ಟಿದರೆ ಒಳಗೆ ಹಣ ಇದೆ ಅಂತ ಗೊತ್ತಾಗುತ್ತೆ. ಪೀಪ್ಸ್ ಅಲ್ಲಿ ಒಡೆಯುವುದಿಲ್ಲ. ತನ್ನ ಆಫೀಸಿಗೆ ಬಂದು ಒಡೆದು, ಕಣ್ಣು ಹಾಯಿಸದೆ, ಹಣವೆಲ್ಲ ಹೊರಗೆ ಬೀಳುವ ತನಕ ಕಾಯುತ್ತಾನೆ. ಆಮೇಲೆ ಕಾಗದ ನೋಡುತ್ತಾನೆ. ಯಾಕೆ? ನಾಳೆ ಯಾರಾದರೂ ವಿಚಾರಣೆ ಮಾಡಿದರೆ "ಕಾಗದದೊಳಗೆ ನಾನು ಹಣ ನೋಡಲಿಲ್ಲ" ಅಂತ ಪ್ರಮಾಣ ಮಾಡಿ ಹೇಳಬಹುದಲ್ಲ!

ಮರುವರ್ಷ ಫೆಬ್ರವರಿಯಲ್ಲಿ ವಾರೆನ್ ಅನ್ನುವ ಮರದ ವ್ಯಾಪಾರಿ ಹೆಂಡತಿಗೆ ಅಂತ ಒಂದು ಜೊತೆ ಕೈಗವಸು ಕೊಡುತ್ತಾನೆ. ಪೊಟ್ಟಣ ಗಟ್ಟಿ ಇದೆ. ಮನೆಗೆ ಬಂದು ಹೆಂಡತಿಯನ್ನು ಹೇಗಾದರೂ ಕೋಣೆಯಿಂದ ಸಾಗಹಾಕಿ ಬಿಚ್ಚಿ ನೋಡಿದರೆ 40 ಚಿನ್ನದ ನಾಣ್ಯ.

ನಾನು 33 ವರ್ಷ ಸರ್ಕಾರಿ ಕಚೇರಿಯಲ್ಲಿದ್ದವನು. ನಮ್ಮಲ್ಲಿ ಒಬ್ಬರು ಮೇಜಿನ ಡ್ರಾಯರನ್ನು ನಾಲ್ಕು ಬೆರಳಷ್ಟು ಎಳೆದು ಬಿಟ್ಟು, ಕಿಟಕಿ ಕಡೆ ತಿರುಗಿ ಹೊರಗಿನ ನೀಲಗಿರಿ ಮರ ನೋಡುತ್ತಾ ಕೂರೋರು. ಬಂದವರು ಹಾಕಿ ಹೋಗೋರು. ತಿರುಗಿ ಡ್ರಾಯರ್ ಮುಚ್ಚೋರು. "ನಾನು ಯಾರ ಕೈಯಿಂದಲೂ ತಗೊಂಡಿಲ್ಲ" ಅಂತ ಅವರು ಹೇಳುತ್ತಿದ್ದುದು ಅಕ್ಷರಶಃ ನಿಜ. ಇದನ್ನು ಕೈಯಾರೆ ಬರೆದಿಟ್ಟ ಒಬ್ಬನೇ ಒಬ್ಬ ಅಧಿಕಾರಿಯನ್ನು ತೋರಿಸಿ ನೋಡೋಣ.

ಮಿರ್ಚಿ ಭಜಿ

@ನಿವೃತ್ತ ಗುಮಾಸ್ತ ಹಹಹ, ನೀಲಗಿರಿ ಮರ! ಸಾಹೇಬ್ರ, ಇದು ಮಸ್ತ್ ಐತಿ. ಆದ್ರ ಅಂವಾ ಬರೆದಿದ್ದು ಪಶ್ಚಾತ್ತಾಪದಿಂದ ಅಲ್ಲಲ್ರಿ, ಶ್ಯಾಣ್ಯಾತನ ತೋರ್ಸಾಕ.

ಇತಿಹಾಸದ ಮೇಷ್ಟ್ರು

ಇಬ್ಬರೂ ಒಂದು ಮಾತು ಬಿಟ್ಟಿರಿ. ಆ ಕಾಲದ ನೌಕಾ ಮಂಡಳಿಯಲ್ಲಿ ಸಂಬಳಕ್ಕಿಂತ "ಕಾಣಿಕೆ" ದೊಡ್ಡದು ಅನ್ನುವುದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಪೀಪ್ಸ್ ಸಂಬಳ ವರ್ಷಕ್ಕೆ 350 ಪೌಂಡು. 1666ರ ಕೊನೆಗೆ ತನ್ನ ಆಸ್ತಿ 6,200 ಪೌಂಡಿಗೂ ಮೇಲೆ ಅಂತ ಅವನೇ ಲೆಕ್ಕ ಹಾಕಿ ದೇವರಿಗೆ ಧನ್ಯವಾದ ಹೇಳುತ್ತಾನೆ. ಆದರೆ ಅದೇ ಮನುಷ್ಯ ಹಗ್ಗ, ಡಾಂಬರು, ಮರದ ಅಳತೆ ಎಲ್ಲವನ್ನೂ ಕೂತು ಕಲಿತ. ಮಿಕ್ಕ ಅಧಿಕಾರಿಗಳಿಗೆ ಹಡಗುಕಟ್ಟೆಯಲ್ಲಿ ಯಾರು ಎಲ್ಲಿ ಕದಿಯುತ್ತಾರೆ ಅನ್ನೋದೇ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ತಾನೂ ತಿಂದ, ಬೇರೆಯವರಿಗಿಂತ ಕೆಲಸ ಚೆನ್ನಾಗಿಯೂ ಮಾಡಿದ.

ಮಿರ್ಚಿ ಭಜಿ

ಈ ಸರ್ಟಿಫಿಕೇಟು ನಮ್ಮ ಕಡೆ ಎಲ್ಲಾ ಪುಢಾರಿಗೂ ಸಿಗ್ತದ್ರಿ ಮಾಸ್ತರ.

ಅಡಿಕೆ ಚೊಗರು

ಮಧ್ಯೆ ಒಂದು ಮೆಣಸಿನ ಮಾತು. 1665ರ ನವೆಂಬರಿನಲ್ಲಿ ಡಚ್ಚರಿಂದ ಹಿಡಿದ ಹಡಗಿನೊಳಗೆ ಇಳಿದು ನೋಡ್ತಾನೆ. ಸಂದಿಗೊಂದಿಯಲ್ಲೆಲ್ಲ ಕಾಳುಮೆಣಸು ಚೆಲ್ಲಿದೆ, ಕಾಲಿಟ್ಟಲ್ಲೆಲ್ಲ ಮೆಣಸು. ಕೋಣೆ ಕೋಣೆ ತುಂಬ ಲವಂಗ, ಜಾಯಿಕಾಯಿ. ಅದರಲ್ಲಿ ಮೊಣಕಾಲಿಗಿಂತ ಮೇಲೆ ಹೂತು ನಡೆದೆ ಅಂತಾನೆ. ಜೀವಮಾನದಲ್ಲಿ ನೋಡಿದ ಭವ್ಯ ದೃಶ್ಯಗಳಲ್ಲಿ ಒಂದು ಅಂತೆ. ಶಿರಸಿಯವನಾದ ನನಗೆ ಓದಿದ ಕೂಡಲೇ ಮೂಗಿಗೆ ವಾಸನೆ ಬಂತು. ನಮ್ಮ ಘಟ್ಟದ ಮೆಣಸೇ ಇರಬೇಕು ಅದು, ಗೇರುಸೊಪ್ಪೆ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ದರಲ್ಲ.

ಇತಿಹಾಸದ ಮೇಷ್ಟ್ರು

@ಅಡಿಕೆ ಚೊಗರು ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದವಳು, ನೂರು ವರ್ಷ ಹಿಂದಿನ ಮಾತು. ಈ ಡಚ್ ಹಡಗುಗಳು ಹೊರಟದ್ದು ಬಟಾವಿಯಾದಿಂದ, ಈಗಿನ ಜಕಾರ್ತ. ಲವಂಗ, ಜಾಯಿಕಾಯಿ ಅಂತೂ ಖಂಡಿತ ಆ ಕಡೆಯದು.

ಅಡಿಕೆ ಚೊಗರು

ಲವಂಗ ಅವರದ್ದೇ ಇರಲಿ ಬಿಡಿ. ಮೆಣಸು ನಮ್ಮದಲ್ಲ ಅಂತ ನೀವೂ ಸಾಬೀತು ಮಾಡಿಲ್ಲ.

ತುಂಗಾತೀರ

ಇಂಡಿಯಾದ ಮಾತು ಬೇಕಾದ್ರೆ ಬೊಂಬಾಯಿ ಇದೆ. ಪೋರ್ಚುಗೀಸ್ ರಾಜಕುಮಾರಿಯನ್ನು ಎರಡನೇ ಚಾರ್ಲ್ಸ್ ಮದುವೆ ಆದಾಗ ಬೊಂಬಾಯಿ ವರದಕ್ಷಿಣೆ ಬಾಬ್ತು ಬಂತು ಅಂತ ಶಾಲೆಯಲ್ಲಿ ಓದಿದ್ದೀವಿ. ಕೈಗೆ ಸಿಗೋಕೆ ಎಷ್ಟು ಒದ್ದಾಡಿದರು ಅನ್ನೋದು ಪಠ್ಯದಲ್ಲಿಲ್ಲ. 1663ರ ಮೇ ತಿಂಗಳಲ್ಲಿ ಪೀಪ್ಸ್ ಬರೀತಾನೆ: ಪೋರ್ಚುಗೀಸರು ನಮಗೆ ಟೋಪಿ ಹಾಕಿದ್ದಾರೆ, ಅಷ್ಟು ಖರ್ಚು ಮಾಡಿ ಹಡಗು ಕಳಿಸಿದ್ರೆ ಅಲ್ಲಿನ ಗವರ್ನರ್ ಏನೋ ನೆಪ ಹೇಳಿ ದ್ವೀಪ ಬಿಟ್ಟುಕೊಡ್ತಿಲ್ಲ, ರಾಜನಿಗೆ ಸಿಟ್ಟು ಬಂದಿದೆ, ಅಂತ. ಕೊನೆಗೆ ರಾಜನಿಗೂ ಸಾಕಾಗಿ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಈಗ ಆ ದುಡ್ಡಿಗೆ ಮುಂಬೈಯಲ್ಲಿ ಕಾರು ನಿಲ್ಲಿಸೋಕೆ ಒಂದು ದಿನ ಜಾಗ ಸಿಗಬಹುದು.

ಓದುಗಿ

ಬೊಂಬಾಯಿ, ಮೆಣಸು ಎಲ್ಲಾ ಸರಿ. ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಡೈರಿ ಅಮೂಲ್ಯ, ಡೈರಿ ಉಳಿಯಬೇಕು ಅಂತ ಎಲ್ಲರೂ ಹೇಳ್ತಿದ್ದೀರಿ. 1663ರ ಜನವರಿ 9 ಯಾರಾದರೂ ಓದಿದ್ದೀರಾ?

ಹೆಂಡತಿ ಎಲಿಸಬೆತ್ ತನ್ನ ಒಂಟಿತನದ ಬಗ್ಗೆ, ಮನೆಯಲ್ಲಿ ಮೂಲೆಗೆ ಬಿದ್ದ ತನ್ನ ಬದುಕು ಎಷ್ಟು ಬೇಸರದ್ದು ಅನ್ನೋದರ ಬಗ್ಗೆ ಒಂದು ಕಾಗದ ಬರೆದಿರ್ತಾಳೆ. ಅವತ್ತು ಪೆಟ್ಟಿಗೆಯಿಂದ ತೆಗೆದು ಗಂಡನ ಮುಂದೆ ಓದ್ತಾಳೆ. ಅದರಲ್ಲಿರೋದು ಬಹುಪಾಲು ನಿಜ ಅಂತ ಅವನೇ ಒಪ್ಪುತ್ತಾನೆ. ಅವನಿಗೆ ಉರಿದದ್ದು ಯಾವುದಕ್ಕೆ ಗೊತ್ತಾ? ಅದು ಇಂಗ್ಲಿಷಿನಲ್ಲಿದೆ, ಯಾರ ಕೈಗಾದರೂ ಸಿಕ್ಕರೆ ಓದಿಬಿಡ್ತಾರೆ! ಹರಿದು ಹಾಕು ಅಂತ ಮೊದಲು ಕೇಳ್ತಾನೆ, ಆಮೇಲೆ ಆಜ್ಞೆ ಮಾಡ್ತಾನೆ. ಅವಳು ಒಪ್ಪಲ್ಲ. ಕಿತ್ತುಕೊಂಡು ಹರೀತಾನೆ. ಅಷ್ಟಕ್ಕೇ ನಿಲ್ಲಲ್ಲ, ಅವಳ ಕಾಗದದ ಕಟ್ಟನ್ನೇ ತಂದು ಒಂದೊಂದಾಗಿ ಅವಳ ಕಣ್ಣೆದುರೇ ಹರೀತಾನೆ. ಮದುವೆಗೆ ಮುಂಚೆ ತಾನೇ ಅವಳಿಗೆ ಬರೆದ ಪ್ರೇಮಪತ್ರಗಳೂ ಅದರಲ್ಲಿದ್ದವು. ಅವಳು ಅಳ್ತಾ ಬೇಡಿಕೊಳ್ತಾಳೆ.

ಆಮೇಲೆ ಸಾಹೇಬರು ಇಷ್ಟನ್ನೂ ತಮ್ಮ ಡೈರಿಯಲ್ಲಿ ಶೀಘ್ರಲಿಪಿಯಲ್ಲಿ ಬರೆದಿಡ್ತಾರೆ. ಅವಳ ಒಂದು ಸಾಲೂ ಉಳಿಯಲಿಲ್ಲ, ಇವನದ್ದು ಹನ್ನೆರಡೂವರೆ ಲಕ್ಷ ಪದ ಉಳಿಯಿತು. ಯಾರು ಓದಲಿ ಅಂತ ಬರೆದ ಅನ್ನೋ ಪ್ರಶ್ನೆಗಿಂತ ಯಾರು ಓದಬಾರದು ಅಂತ ಹರಿದ ಅನ್ನೋದು ನನಗೆ ಮುಖ್ಯ.

ಗೇರುಬೀಜ

ಇದು ನಂಗೆ ಗೊತ್ತಿರಲಿಲ್ಲ. ಆಯ್ದ ಭಾಗಗಳಲ್ಲಿ ಇದನ್ನು ಬಿಟ್ಟಿದ್ದಾರಾ ಎಂತ?

ಕಾಗದದ ಹುಳು

ನನ್ನ ಸಂಪುಟದಲ್ಲಿ ಇದೆ. ಓದಿ ಮುಂದೆ ಹೋಗಿದ್ದೆ. @ಓದುಗಿ ಹೇಳಿದ ಮೇಲೆ ಮತ್ತೆ ತೆಗೆದು ನೋಡಿದೆ. ಆದರೆ ಒಂದು ಮಾತು: ಅವಳು ಅಂಥದ್ದೊಂದು ಕಾಗದ ಬರೆದಿದ್ದಳು ಅನ್ನುವುದು ನಮಗೆ ಗೊತ್ತಾದದ್ದೂ ಅವನ ಡೈರಿಯಿಂದಲೇ ಅಲ್ವಾ?

ಓದುಗಿ

ಹೌದು, ಕಳ್ಳನೇ ಕಳುವಿನ ಸಾಕ್ಷಿ. ಅದಕ್ಕೆ ಅವನಿಗೆ ಥ್ಯಾಂಕ್ಸ್ ಹೇಳ್ಬೇಕಾ?

ಬರೀ ಕಾಗದ ಅಲ್ಲ. 1664ರ ಡಿಸೆಂಬರಿನಲ್ಲಿ ಅವಳ ಎಡಗಣ್ಣಿಗೆ ಹೊಡೆದದ್ದು ಇದೆ. ಹಡಗಿನ ಬಡಗಿ ಬ್ಯಾಗ್‌ವೆಲ್ ಹೆಂಡತಿ, ಗಂಡನಿಗೆ ಬಡ್ತಿ ಕೇಳೋಕೆ ಬಂದವಳು, ಅವಳ ಕಥೆ ವರ್ಷಗಟ್ಟಲೆ ನಡೆಯುತ್ತೆ. 1665ರ ಫೆಬ್ರವರಿಯ ಒಂದು ಬೆಳಗ್ಗೆ ಎದ್ದು ಬರೀತಾನೆ: ಎಡಗೈ ತೋರುಬೆರಳು ನೋಯ್ತಿದೆ, ನಿನ್ನೆ ಆ ಹೆಂಗಸಿನ ಜೊತೆ ಎಳೆದಾಟದಲ್ಲಿ ಉಳುಕಿದ್ದು ಅಂತ. ಅವಳಿಗೆ ಎಲ್ಲಿ ನೋಯ್ತಿತ್ತು ಅಂತ ಬರೆದಿಲ್ಲ. ಇದನ್ನು "ರಸಿಕ", "ತುಂಟ" ಅಂತ ಬರೆಯೋರನ್ನು ಕಂಡ್ರೆ ನನಗೆ ಮೈ ಉರಿಯುತ್ತೆ.

ಸೀನಿಯರ್ ಗ್ರೇಡ್

@ಓದುಗಿ ಆ ಭಾಗಗಳನ್ನು ಅವನು ಬರೆದ ಬಗೆಯೇ ವಿಚಿತ್ರ ಕಣಮ್ಮ. ಶೀಘ್ರಲಿಪಿಯ ಒಳಗೇ ಫ್ರೆಂಚ್, ಸ್ಪ್ಯಾನಿಷ್, ಲ್ಯಾಟಿನ್ ಪದ ಕಲಸುತ್ತಾನೆ. ಶೀಘ್ರಲಿಪಿ ಒಂದೇ ಸಾಕು ಅನ್ನಿಸಿದ್ದರೆ ಅದರ ಮೇಲೆ ಇನ್ನೊಂದು ಪರದೆ ಯಾಕೆ? ಯಾರೋ ಲಿಪಿ ಬಲ್ಲವರು ಓದಿಯಾರು ಅನ್ನುವ ಅಂಜಿಕೆ ಇತ್ತು ಅಂತಲೇ ಅರ್ಥ.

ಕಾಗದದ ಹುಳು

ಆದರೆ ಮೇಡಂ, ಎಲಿಸಬೆತ್ ಫ್ರೆಂಚ್ ಮೂಲದವಳು, ಅಪ್ಪ ಫ್ರಾನ್ಸಿನಿಂದ ಬಂದ ಪ್ರಾಟೆಸ್ಟೆಂಟ್. ಅವಳಿಂದ ಮುಚ್ಚಿಡೋಕೆ ಫ್ರೆಂಚ್ ಬಳಸೋದು ಬುದ್ಧಿವಂತಿಕೆಯಾ?

ಸೀನಿಯರ್ ಗ್ರೇಡ್

ಅದೂ ನಿಜ. ಹಾಗಾದರೆ ನನ್ನ ಮಾತು ತಿದ್ದಿಕೊಳ್ತೀನಿ, ಮುಚ್ಚಿದ್ದು ಬೇರೆಯವರಿಂದ ಅಲ್ಲ, ತನ್ನಿಂದಲೇ. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಬಾರದ್ದು ಹೇಳುವಾಗ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹೊರಳುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಅಂಥದ್ದು ಎಷ್ಟು ಬರೆದುಕೊಂಡಿದ್ದೀನೋ! ಬಾಯಿಗೆ ಬಾರದ್ದು ಬೇರೆ ಭಾಷೆಯಲ್ಲಿ ಸಲೀಸಾಗಿ ಬರುತ್ತೆ.

ಗೇರುಬೀಜ

ಸರಿ, ಇದು ಒಪ್ಪತಕ್ಕ ಮಾತು. ಹಾಗಾದ್ರೆ ಹುಳು ಅವರ ವಾದ ಬಿದ್ದುಹೋಯ್ತು. ನಮಗಾಗಿ ಬರೆದವನು ತನ್ನಿಂದ ಎಂತಕ್ಕೆ ಮುಚ್ಚಬೇಕು?

ಕಾಗದದ ಹುಳು

ಬಿದ್ದಿಲ್ಲ. 1666ರ ಸೆಪ್ಟೆಂಬರ್ ನೋಡಿ. 2ನೇ ತಾರೀಖು ಬೆಳಗಿನ ಜಾವ 3 ಗಂಟೆಗೆ ಕೆಲಸದ ಜೇನ್ ಬಂದು ಬೆಂಕಿ ಅಂತ ಎಬ್ಬಿಸ್ತಾಳೆ. ಕಿಟಕಿಯಿಂದ ನೋಡಿ ದೂರ ಇದೆ ಅಂತ ಮತ್ತೆ ಮಲಗ್ತಾನೆ. ಎದ್ದು ಹೋಗಿ ನೋಡಿದಾಗ ಅರಿವಾಗುತ್ತೆ. ದೋಣಿಯಲ್ಲಿ ರಾಜನ ಬಳಿ ಹೋಗಿ, ಮನೆಗಳನ್ನು ಕೆಡವದಿದ್ರೆ ಬೆಂಕಿ ನಿಲ್ಲಲ್ಲ ಅಂತ ಹೇಳೋದು ಇವನೇ. ರಾಜನ ಅಪ್ಪಣೆ ಹೊತ್ತು ಬಂದ್ರೆ ಮೇಯರ್ ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡು, ಜನ ನನ್ನ ಮಾತು ಕೇಳ್ತಿಲ್ಲ, ನಾನೇನು ಮಾಡಲಿ ಅಂತ ಗೋಳಾಡ್ತಿದ್ದಾನೆ. ಮನೆಗಳಿಂದ ದೂರ ಹಾರಲು ಮನಸ್ಸಿಲ್ಲದ ಪಾರಿವಾಳಗಳು ಕಿಟಕಿ, ಬಾಲ್ಕನಿ ಸುತ್ತ ಸುಳಿದು ರೆಕ್ಕೆ ಸುಟ್ಟುಕೊಂಡು ಬೀಳ್ತಿವೆ. ಅವತ್ತು ಆ ಊರಿನಲ್ಲಿ ಪಾರಿವಾಳ ನೋಡುವ ಪುರುಸೊತ್ತು ಬೇರೆ ಯಾರಿಗಿತ್ತು?

ಮನೆ ಸಾಮಾನನ್ನು ನೈಟ್‌ಗೌನಿನಲ್ಲೇ ಗಾಡಿ ಹತ್ತಿ ಬೆತ್ನಲ್ ಗ್ರೀನಿಗೆ ಸಾಗಿಸಿದ. ಅಲ್ಲಿಂದ 8ನೇ ತಾರೀಖು ಡೈರಿ ವಾಪಸ್ ತಂದು ಐದು ದಿನದ್ದು ತುಂಬಿಸಿದ. ಊರು ಸುಡ್ತಿರುವಾಗ ಡೈರಿ ಕಾಪಾಡಿದವನಿಗೆ ಅದರ ಬೆಲೆ ಗೊತ್ತಿರಲಿಲ್ಲ ಅಂತೀರಾ?

ಬೆಂಗಳೂರು ಬಿಸಿಲು

ಅದೇ ಬೆಂಕಿಯಲ್ಲಿ ಅವನು ಚೀಸ್ ಕೂಡ ಕಾಪಾಡಿದ್ದಾನೆ ಗುರು. ತೋಟದಲ್ಲಿ ಗುಂಡಿ ತೋಡಿ ವೈನು, ಪಾರ್ಮೆಸನ್ ಚೀಸ್ ಹೂತಿಟ್ಟ. ಅದನ್ನೂ ನಮಗಾಗಿಯೇ ಇಟ್ಟಿದ್ದಾ?

ಕಾಗದದ ಹುಳು

🙏

ತುಂಗಾತೀರ

ಚೀಸ್ ಬಗ್ಗೆ ನಗಬೇಡಿ, ಇಟಲಿಯಿಂದ ಬರ್ತಿದ್ದ ದುಬಾರಿ ಮಾಲು ಅದು.

ಇತಿಹಾಸದ ಮೇಷ್ಟ್ರು

ಹುಳು ಅವರೇ, ನಿಮ್ಮ ವಾದಕ್ಕೆ ವಿರುದ್ಧ ಸಾಕ್ಷಿಯನ್ನು ಅವನೇ ಬರೆದಿಟ್ಟಿದ್ದಾನೆ. 1669ರ ಮಾರ್ಚಿನಲ್ಲಿ ತಾನು ಡೈರಿ ಬರೆಯುವ ಗುಟ್ಟನ್ನು ಸರ್ ವಿಲಿಯಂ ಕೊವೆಂಟ್ರಿಗೆ ಹೇಳಿ, ಬಹುಶಃ ಇವರೊಬ್ಬರಿಗೇ ಹೇಳಿದ್ದು, ಹೇಳಬಾರದಿತ್ತು ಅಂತ ಆಮೇಲೆ ಪೇಚಾಡುತ್ತಾನೆ. ಓದಲಿ ಅನ್ನುವವನು ಹೀಗೆ ಪೇಚಾಡುವುದಿಲ್ಲ.

ಇನ್ನು ಡೈರಿ ನಿಂತದ್ದು ಕಣ್ಣಿನಿಂದ. ಮೇಣದಬತ್ತಿಯಲ್ಲಿ ಬರೆದು ಬರೆದು ಕುರುಡನಾಗ್ತೀನಿ ಅಂತ ಹೆದರಿದ. ಇನ್ನು ಮುಂದೆ ಗುಮಾಸ್ತರ ಕೈಲಿ ಬರೆಸಬೇಕು, ಹಾಗಾಗಿ ಅವರೂ ಲೋಕವೂ ತಿಳಿಯಬಹುದಾದಷ್ಟನ್ನೇ ಬರೆಸಬಹುದು ಅಂತ ಕೊನೆಯ ದಿನ ಬರೀತಾನೆ. ಕುರುಡನಾಗಲಿಲ್ಲ ಅನ್ನೋದು ಬೇರೆ ಮಾತು. ಮುಂದೆ ರಾಯಲ್ ಸೊಸೈಟಿಗೂ ಅಧ್ಯಕ್ಷನಾದ, ನ್ಯೂಟನ್ನನ ಪ್ರಿನ್ಸಿಪಿಯಾದ ಮುಖಪುಟದಲ್ಲಿ ಇವನ ಹೆಸರಿದೆ.

ಅಡಿಕೆ ಚೊಗರು

ಡೈರಿ ಅಂದ್ರೆ ಇಷ್ಟೆಲ್ಲಾ ಮನಸ್ಸಿನ ಮಾತೇ ಬೇಕಾ? ನಮ್ಮ ಅಪ್ಪಯ್ಯ ಬ್ಯಾಂಕಿನವರು ಕೊಟ್ಟ ಡೈರಿಯಲ್ಲಿ ವರ್ಷಾನುಗಟ್ಟಲೆ ಬರೆದಿದ್ದಾನೆ. ಒಂದು ದಿನದ್ದು ಹೀಗಿದೆ: "ಮಳೆ ಜೋರು. ಕೊಳೆ ಮದ್ದು ಎರಡನೇ ಸುತ್ತು ಅರ್ಧಕ್ಕೆ ನಿಂತಿತು. ಮೈಲುತುತ್ತ ಸಾಲಲಿಲ್ಲ. ಕೊನೆಗೌಡನಿಗೆ ಜ್ವರ. ದನ ಕಟ್ಟಿತು." ಅಷ್ಟೇ. ಅವತ್ತು ನನ್ನ ತಂಗಿ ಹುಟ್ಟಿದ ದಿನ. ಅದರ ಮಾತೇ ಇಲ್ಲ!

ಗೇರುಬೀಜ

😂😂 ದನ ಕಟ್ಟಿದ್ದು ಉಂಟು, ಮಗಳು ಹುಟ್ಟಿದ್ದು ಇಲ್ಲ!

ಅಡಿಕೆ ಚೊಗರು

ಕೇಳಿದ್ದಕ್ಕೆ "ಮಗಳು ಹುಟ್ಟಿದ್ದು ಮರೀತದಾ? ಮದ್ದು ಹೊಡೆದ ತಾರೀಖು ಮರೀತದೆ, ಅದಕ್ಕೆ ಬರೆದದ್ದು" ಅಂದ. ಆ ಡೈರಿ ನೋಡಿ ಈಗಲೂ ನಾವು ಮದ್ದಿನ ತಾರೀಖು ನಿಕ್ಕಿ ಮಾಡೋದು.

ನಿವೃತ್ತ ಗುಮಾಸ್ತ

ನಮ್ಮಮ್ಮನ ಡೈರಿ ಅಂದ್ರೆ ಗೋಡೆ ಕ್ಯಾಲೆಂಡರ್. ಹಾಲು ಬರದ ದಿನಕ್ಕೆ ಸೊನ್ನೆ, ಸಿಲಿಂಡರ್ ಹಾಕಿದ ದಿನಕ್ಕೆ ಗೀಟು. ವರ್ಷ ಮುಗಿದ ಮೇಲೆ ಅದೇ ಕ್ಯಾಲೆಂಡರು ನಮ್ಮ ಪುಸ್ತಕಗಳಿಗೆ ಬೈಂಡು.

ತುಂಗಾತೀರ

ನಮ್ಮಲ್ಲಿ ಹಳೇ ಕಾಲದ ಇಂಥ ಖಾಸಗಿ ಬರಹ ಕಡಿಮೆ ಸಿಗೋದಕ್ಕೆ ಬರೆಯೋ ಸಾಮಗ್ರಿಯೂ ಒಂದು ಕಾರಣ ಇರಬಹುದು. ಕಡತ ಅಂದ್ರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆ. ಬಳಪದಲ್ಲಿ ಬರೆಯೋದು, ಬೇಡ ಅಂದ್ರೆ ಅಳಿಸಿ ಮತ್ತೆ ಬರೆಯೋದು. ಶೃಂಗೇರಿ ಮಠದಂಥ ಕಡೆ ಕಡತಗಳು ಉಳಿದಿವೆ, ಅಲ್ಲಿ ಕಾಪಾಡೋ ವ್ಯವಸ್ಥೆ ಇತ್ತು. ಅಂಗಡಿಯವನು ತನ್ನ ಮನಸ್ಸಿನ ಮಾತು ಬರೆದಿದ್ದರೂ ಮರುವರ್ಷದ ಸಾಲದ ಲೆಕ್ಕಕ್ಕೆ ಅಳಿಸಿರ್ತಾನೆ.

ಇತಿಹಾಸದ ಮೇಷ್ಟ್ರು

ದಕ್ಷಿಣದಲ್ಲಿ ಪೀಪ್ಸ್‌ಗೆ ಸಾಟಿ ಬೇಕಾದರೆ ಪಾಂಡಿಚೇರಿಗೆ ಹೋಗಿ. ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿ ಆನಂದರಂಗ ಪಿಳ್ಳೈ, 1736ರಿಂದ 1761ರಲ್ಲಿ ಸಾಯುವ ತನಕ ತಮಿಳಿನಲ್ಲಿ ಡೈರಿ ಬರೆದವರು. ಹಡಗು ಯಾವಾಗ ಬಂತು, ಯಾವ ವರ್ತಕ ಯಾರ ಕಿವಿ ಕಚ್ಚಿದ, ಗವರ್ನರನ ಹೆಂಡತಿ ಯಾರ ಮೇಲೆ ಚಾಡಿ ಹೇಳಿದಳು, ಎಲ್ಲಾ. ಇಂಗ್ಲಿಷಿನಲ್ಲಿ 12 ಸಂಪುಟ ಬಂದಿದೆ. ನಮ್ಮ ಮೈಸೂರಿನ ಮಟ್ಟಿಗೆ ಬುಕನನ್ 1800-01ರಲ್ಲಿ ಊರೂರು ಸುತ್ತಿ ತಾರೀಖು ಹಾಕಿ ಬರೆದದ್ದಿದೆ. ಆದರೆ ಅದು ಕಂಪನಿಗೆ ಕೊಟ್ಟ ವರದಿ. ರಾಗಿ ಎಷ್ಟು ಬೆಳೆಯಿತು ಅಂತ ಹೇಳುತ್ತೆ, ಬುಕನನ್ನನಿಗೆ ರಾತ್ರಿ ನಿದ್ದೆ ಬಂತಾ ಅಂತ ಹೇಳಲ್ಲ.

ಬೆಂಗಳೂರು ಬಿಸಿಲು

ಇದೆಲ್ಲಾ ಇರಲಿ, ಪೀಪ್ಸ್ ನಾಟಕ ವಿಮರ್ಶೆ ಓದಿದ್ದೀರಾ? ರೋಮಿಯೋ ಜೂಲಿಯೆಟ್ ನಾನು ಕೇಳಿದ ನಾಟಕಗಳಲ್ಲೆಲ್ಲಾ ಕೆಟ್ಟದ್ದು ಅಂತಾನೆ. ಮಿಡ್‌ಸಮರ್ ನೈಟ್ಸ್ ಡ್ರೀಮ್ ಸಪ್ಪೆ, ಇನ್ನೊಮ್ಮೆ ನೋಡಲ್ಲ ಅಂತಾನೆ. ಡಿಗ್ರಿಯಲ್ಲಿ ನಾನಿದನ್ನೇ ಬರೆದಿದ್ದೆ, ಮಾರ್ಕ್ಸ್ ಕೊಡಲಿಲ್ಲ.

ಮಿರ್ಚಿ ಭಜಿ

ಹಾಂ, ಈಗ ಮನಷ್ಯಾ ಸ್ವಲ್ಪ ಹಿಡಿಸಿದ ನೋಡ್ರಿ.

ಸೀನಿಯರ್ ಗ್ರೇಡ್

ಯಾರೂ ಜಾನ್ ಸ್ಮಿತ್ ಹೆಸರೆತ್ತಲಿಲ್ಲ, ನಾನೇ ಎತ್ತುತ್ತೇನೆ. ಈ ಡೈರಿ ನಮ್ಮ ಕೈಗೆ ಬಂದಿದ್ದು ಆ ಬಡ ವಿದ್ಯಾರ್ಥಿಯಿಂದ. ಪೀಪ್ಸ್‌ನ ಗೆಳೆಯ ಜಾನ್ ಈವ್ಲಿನ್‌ನ ಡೈರಿ 1818ರಲ್ಲಿ ಅಚ್ಚಾಗಿ ಹೆಸರು ಮಾಡಿತು, ಆಗ ಮಾಡ್ಲಿನ್ ಕಾಲೇಜಿನವರಿಗೆ ತಮ್ಮ ಕಪಾಟು ನೆನಪಾಯಿತು. 1819ರಿಂದ 1822ರವರೆಗೆ, ದಿನಕ್ಕೆ 12-14 ತಾಸು ಕೂತು ಅಷ್ಟನ್ನೂ ಸ್ಮಿತ್ ಬಿಡಿಸಿದ. ಕೂಲಿ 200 ಪೌಂಡು. ಶೆಲ್ಟನ್ ಕೈಪಿಡಿ ಅದೇ ಲೈಬ್ರರಿಯಲ್ಲಿತ್ತು, ಅವನಿಗೆ ಯಾರೂ ಹೇಳಲಿಲ್ಲ! 1825ರಲ್ಲಿ ಅಚ್ಚಾದಾಗ ಲಾರ್ಡ್ ಬ್ರೇಬ್ರುಕ್ ಸಂಪಾದಕ, ಅದೂ ಸುಮಾರು ಕಾಲು ಭಾಗ ಮಾತ್ರ. ಪೂರ್ತಿ ಡೈರಿ ಕತ್ತರಿ ಇಲ್ಲದೆ ಬಂದದ್ದು 1970ರಿಂದ 83ರ ನಡುವೆ, ಲೇಥಮ್ ಮತ್ತು ಮ್ಯಾಥ್ಯೂಸ್ ಸಂಪಾದಿಸಿದ 11 ಸಂಪುಟಗಳಲ್ಲಿ.

ಇನ್ನೊಬ್ಬರ ಶೀಘ್ರಲಿಪಿ ಓದುವುದು ಎಂಥಾ ಶಿಕ್ಷೆ ಅಂತ ನಮ್ಮಂಥವರಿಗೆ ಗೊತ್ತು. ಸಹೋದ್ಯೋಗಿ ರಜೆ ಹಾಕಿದಾಗ ಅವರ ನೋಟ್ಸ್ ಟೈಪ್ ಮಾಡು ಅಂದರೆ ಕಣ್ಣಲ್ಲಿ ನೀರು ಬರೋದು.

ಗೇರುಬೀಜ

ಕೈಪಿಡಿಯೂ ಅದೇ ಲೈಬ್ರರಿಯಲ್ಲಿ ಇಟ್ಟಿದ್ದನಾ? ಓಹೋ. ಹುಳು ಅವರಿಗೆ ಈಗ ಖುಷಿ.

ಕಾಗದದ ಹುಳು

ನಾನೇನೂ ಹೇಳಿಲ್ಲಪ್ಪ. ಬೀಗವನ್ನೂ ಬೀಗದ ಕೈಯನ್ನೂ ಒಂದೇ ಕಪಾಟಿನಲ್ಲಿಟ್ಟು ಹೋಗಿದ್ದಾನೆ, ಅಷ್ಟೇ.

ಓದುಗಿ

3,000 ಪುಸ್ತಕಗಳಲ್ಲಿ ಅದೂ ಒಂದು. ಹೊಸ ಪುಸ್ತಕ ಬಂದ ಹಾಗೆ ಎತ್ತರದ ಪ್ರಕಾರ ಜೋಡಿಸ್ತಿದ್ದ ಮನುಷ್ಯ ಅವನು. ಕೈಪಿಡಿ ಎಸೆಯೋಕೆ ಮನಸ್ಸು ಬರಲಿಲ್ಲ ಅಂತಲೂ ಹೇಳಬಹುದು. ಮುದುಕರು ಏನನ್ನೂ ಎಸೆಯಲ್ಲ.

ನಿವೃತ್ತ ಗುಮಾಸ್ತ

@ಓದುಗಿ ತಾಯೀ, ಮುದುಕರ ಸುದ್ದಿಗೆ ಬರಬೇಡಿ. ನನ್ನ ಹತ್ತಿರ 1986ರ ಕರೆಂಟ್ ಬಿಲ್ ಇದೆ.

ಬೆಂಗಳೂರು ಬಿಸಿಲು

ಓದಬೇಕು ಅನ್ನಿಸ್ತಿದೆ. ಹನ್ನೆರಡೂವರೆ ಲಕ್ಷ ಪದ ಓದೋ ತಾಳ್ಮೆ ಇಲ್ಲ. ಎಲ್ಲಿಂದ ಶುರು ಮಾಡಲಿ?

ಕಾಗದದ ಹುಳು

1660ರ ಜನವರಿಯಿಂದ ಬೇಡ, ರಾಜಕೀಯದ ಹೆಸರುಗಳಲ್ಲೇ ಸುಸ್ತಾಗುತ್ತೀರಿ. 1666ರ ಸೆಪ್ಟೆಂಬರ್ 2ರಿಂದ ಒಂದು ವಾರ ಓದಿ. ಆಮೇಲೆ 1665ರ ಬೇಸಿಗೆಯಿಂದ ಪ್ಲೇಗು. ಹಡಗಿನ ಮರ, ಹಗ್ಗದ ಟೆಂಡರಿನ ಪುಟಗಳನ್ನು ಹಾರಿಸಿದರೂ ನಷ್ಟ ಇಲ್ಲ.

ಓದುಗಿ

1668ರ ಅಕ್ಟೋಬರ್ 25ರಿಂದ ಮುಂದಿನ ಮೂರು ತಿಂಗಳು ಬಿಡಬೇಡಿ. ಮನೆಯಲ್ಲಿದ್ದ ಡೆಬ್ ವಿಲೆಟ್ ಅನ್ನೋ ಹುಡುಗಿ ಜೊತೆ ಹೆಂಡತಿ ಕೈಗೆ ಸಿಕ್ಕಿಬೀಳೋದು ಅಲ್ಲೇ. ಜನವರಿಯಲ್ಲಿ ಎಲಿಸಬೆತ್ ಕೆಂಡದಂತೆ ಕಾದ ಇಕ್ಕಳ ಹಿಡಿದು ಅವನ ಹಾಸಿಗೆ ಹತ್ತಿರ ಬರ್ತಾಳೆ. ಇಡೀ ಡೈರಿಯಲ್ಲಿ ನನಗೆ ಅತಿ ಇಷ್ಟವಾದ ಪುಟ.

ನಿವೃತ್ತ ಗುಮಾಸ್ತ

ಟೆಂಡರ್ ಪುಟ ಹಾರಿಸಿ ಅಂತ ಹುಳು ಅವರು ಹೇಳಿದ್ದನ್ನು ನಂಬಬೇಡಿ. ವಾರೆನ್ ಬರುವುದೇ ಆ ಪುಟಗಳಲ್ಲಿ. ಯಾವ ಮರಕ್ಕೆ ಎಷ್ಟು ದರ ಕೋಟ್ ಮಾಡಿದ, ಕಂಟ್ರಾಕ್ಟ್ ಯಾರಿಗೆ ಹೋಯಿತು ಅಂತ ನೋಡಿಕೊಂಡು ಓದಿದರೆ ಮಾತ್ರ ಆ 40 ನಾಣ್ಯ ಯಾಕೆ ಬಂತು ಅಂತ ಗೊತ್ತಾಗೋದು.

ಕಾಗದದ ಹುಳು

ಸಾರ್, ನೀವು ಓದಿ. ನಾನು ಇಕ್ಕಳದ ಪುಟಕ್ಕೆ ಹೋಗ್ತಿದ್ದೀನಿ.